ಅನ್ನವಿಲ್ಲದ ಡಬ್ಬಿ

"ಸಕ್ಕರೆ ಇಳಿದಿಲ್ಲ ಚೈತ್ರಾ, ಏರಿದೆ," ಎಂದು ಕೊಪ್ಪದ ಡಾಕ್ಟರ್ ಗೋದಾವರಿಯವರು ಮಗಳ ರಿಪೋರ್ಟನ್ನು ಮೇಜಿನ ಮೇಲಿಟ್ಟರು. "ಮೂರು ತಿಂಗಳ ಹಿಂದೆ ಅಂಚಿನಲ್ಲಿತ್ತು. ಈಗ ತೂಕವೂ ಎರಡು ಕೆಜಿ ಜಾಸ್ತಿ. ಹೀಗೇ ಹೋದ್ರೆ ಹತ್ತು ವರ್ಷದ ಮಗುವಿಗೆ ಮಾತ್ರೆ ಶುರು ಮಾಡ್ಬೇಕಾಗುತ್ತೆ. ನಾನು ಹೇಳಿದ್ದು ಮಾಡಿದ್ಯಾ, ಇಲ್ವಾ?"

ಚೈತ್ರಳಿಗೆ ರೇಗಿತು. ಮಾಡಿದ್ಯಾ ಅಂದರೇನು? ಜಯಪುರದ ಸುತ್ತಮುತ್ತ ಅವಳಷ್ಟು ಹಠ ಹಿಡಿದು ಪಥ್ಯ ಮಾಡಿಸಿದ ತಾಯಿ ಇನ್ನೊಬ್ಬಳಿರಲಿಲ್ಲ. ಅನ್ನ ಕಡಿಮೆ ಮಾಡು ಎಂದಿದ್ದರು ಡಾಕ್ಟರು. ಇವಳು ಪೂರ್ತಿ ನಿಲ್ಲಿಸಿಬಿಟ್ಟಿದ್ದಳು. ಶಾಲೆಯ ಬಿಸಿಯೂಟ ಬಿಡಿಸಿ ಮನೆಯಿಂದಲೇ ಡಬ್ಬಿ ಕಳಿಸಿದ್ದಳು. ಮೊಬೈಲಿನಲ್ಲಿ ಯಾರೋ ತೋರಿಸಿದರೆಂದು, ಮನೆಯ ನಾಟಿ ಕೋಳಿಯ ಮೊಟ್ಟೆಗಳನ್ನು ಅಂಗಡಿಗೆ ಕೊಟ್ಟು ಬಾದಾಮಿ ತಂದು, ಪುಡಿ ಮಾಡಿ, ರೊಟ್ಟಿ ತಟ್ಟಿದ್ದೂ ಆಗಿತ್ತು. ನಾಲ್ಕೇ ದಿನಕ್ಕೆ ಬಾದಾಮಿ ಮುಗಿಯಿತು. ಇದು ನಮ್ಮಂಥವರ ಕೈಗೆ ಎಟಕುವುದಲ್ಲ ಎಂದು ಮನೆಯ ತಿಂಡಿಗೇ ಮರಳಿದ್ದಳು.

"ಒಂದಗುಳು ಅನ್ನ ಕೊಟ್ಟಿಲ್ಲ ಮೇಡಂ, ದೇವರಾಣೆ. ತಪ್ಪೆಲ್ಲ ಇವಳದ್ದೇ. ಶಾಲೇಲಿ ಕದ್ದು ತಿಂತಾಳೆ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮಗಳು ಅಮೂಲ್ಯಾ ತಲೆ ಎತ್ತಲಿಲ್ಲ. ಮೊದಲ ತಿಂಗಳು ತೂಕ ಏರಿದಾಗಲೇ ಇದೇ ಮಾತಿಗೆ ಅವಳ ಕೆನ್ನೆಗೆ ಬಿದ್ದಿತ್ತು. "ಇಲ್ಲಮ್ಮ, ತಿಂದಿಲ್ಲ" ಎಂದು ಅತ್ತರೂ ಚೈತ್ರ ನಂಬಿರಲಿಲ್ಲ. ಮರುದಿನ ಶಾಲೆಗೇ ಹೋಗಿ, ಮಗಳ ಜೀವದ ಗೆಳತಿ ಅರ್ಪಣಾಳನ್ನು ಎಲ್ಲರೆದುರು ನಿಲ್ಲಿಸಿ, "ನಿನ್ನ ತಟ್ಟೆಯಿಂದ ಒಂದು ತುತ್ತು ಇವಳ ಬಾಯಿಗೆ ಹೋಯ್ತೋ, ನೋಡು ಮತ್ತೆ!" ಎಂದು ಬೈದಿದ್ದಳು. ಮೇಷ್ಟ್ರಿಗೆ ಹೇಳಿ, ಊಟದ ಹೊತ್ತಿಗೆ ಮಗಳನ್ನು ಸಾಲಿನಿಂದ ಎಬ್ಬಿಸಿ ಹೊರಗಿನ ಮೆಟ್ಟಿಲ ಮೇಲೆ ಒಬ್ಬಳನ್ನೇ ಕೂರಿಸುವ ಏರ್ಪಾಡು ಮಾಡಿದ್ದಳು. ಅಷ್ಟಕ್ಕೇ ಬಿಟ್ಟಳೇ? ಸಂಜೆ ಮಗಳು ಬಂದೊಡನೆ ಬಲಗೈ ಹಿಡಿದು ಮೂಸುತ್ತಿದ್ದಳು, ಶಾಲೆಯ ಸಾರಿನ ವಾಸನೆ ಇದೆಯೋ ಎಂದು. ಒಂದು ದಿನವೂ ಇರಲಿಲ್ಲ. ಸೋಪು ಹಾಕಿ ತೊಳೆದುಕೊಂಡು ಬಂದಿದ್ದಾಳೆ ಕಳ್ಳಿ, ಎಂದು ಅದಕ್ಕೂ ಬೈಗುಳ.

"ಅದಿರ್ಲಿ ಮಾರಾಯ್ತಿ, ಡಬ್ಬಿಗೆ ಎಂತ ಹಾಕ್ತಿದ್ದೆ ಹೇಳು," ಎಂದರು ಡಾಕ್ಟರು.

"ಮೊದ್ಲು ನಾಲ್ಕು ದಿನ ಮೊಟ್ಟೆ ಮಾರಿ ಬಾದಾಮಿ ತಂದು ರೊಟ್ಟಿ ಮಾಡ್ದೆ ಮೇಡಂ. ಅದು ಮುಗಿದ್ಮೇಲೆ ಬರೀ ತಿಂಡಿ. ಒಂದಿನ ಕಡುಬು, ಒಂದಿನ ನೀರುದೋಸೆ, ಆಮೇಲೆ ಅಕ್ಕಿರೊಟ್ಟಿ, ಶ್ಯಾವಿಗೆ. ಅನ್ನ ಇಲ್ವಲ್ಲ, ಹೊಟ್ಟೆ ತುಂಬ್ಲಿ ಅಂತ ಕಡುಬು ಎರಡು ಹೆಚ್ಚೇ ಇಡ್ತಿದ್ದೆ."

"ಅವನ್ನೆಲ್ಲ ಎಂತದ್ರಲ್ಲಿ ಮಾಡ್ತಿ?"

"ಅಕ್ಕೀಲಿ..." ಎಂದ ಚೈತ್ರಳ ಮಾತು ಅಲ್ಲೇ ನಿಂತಿತು. ನಮ್ಮ ಕಡೆ ತಟ್ಟೆಯಲ್ಲಿ ಅಗುಳು ಕಂಡರೆ ಮಾತ್ರ ಊಟ. ಕಡುಬು ಎಷ್ಟು ತಿಂದರೂ ಅದು ತಿಂಡಿ, ತಿಂಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ತಿಂಗಳು ಅವಳು ತನ್ನ ಕೈಯಾರೆ ಅಕ್ಕಿಯನ್ನೇ ರುಬ್ಬಿ, ಅಕ್ಕಿಯನ್ನೇ ಬೇಯಿಸಿ, ಅಕ್ಕಿಯನ್ನೇ ತುಂಬಿ ಕಳಿಸಿದ್ದಳು.

ಡಾಕ್ಟರು ಗದರಲಿಲ್ಲ. "ಬಾದಾಮಿ ತಾ ಅಂತ ಯಾರು ಹೇಳಿದ್ರು ನಿಂಗೆ? ನಿಮ್ಮನೆ ಕೋಳಿ ಮೊಟ್ಟೆ ಇಲ್ವಾ?"

"ಮೊಟ್ಟೆ ಉಷ್ಣ ಅಂತ..."

"ಉಷ್ಣವೂ ಇಲ್ಲ, ಗಿಷ್ಣವೂ ಇಲ್ಲ. ಎರಡು ಮೊಟ್ಟೆ, ಹೆಸರುಕಾಳಿನ ಉಸಲಿ, ಹಿತ್ತಲ ಬಸಳೆ, ಸೌತೆಕಾಯಿ. ಅಂಗಡಿ ಕಡೆ ತಲೆ ಹಾಕೋದೇ ಬೇಡ. ಜೊತೆಗೆ ಒಂದು ಸೌಟು ಅನ್ನ ಇದ್ರೂ ನಡೆಯುತ್ತೆ. ಮಗು ಎಲ್ಲರ ಜೊತೆ ಕೂತು ತಿನ್ಲಿ."

ಬಸ್ಸಿನಲ್ಲಿ ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ತಪ್ಪಾಯ್ತು ಎಂದುಬಿಡಬೇಕು ಎನಿಸಿತು ಚೈತ್ರಳಿಗೆ. ಹತ್ತು ವರ್ಷದ ಮಗಳಿಗೆ ತಾಯಿಯಾದವಳು ಅದನ್ನು ಹೇಗೆ ಹೇಳುವುದು? ಜಯಪುರ ಬಂತು, ಇಬ್ಬರೂ ಇಳಿದರು.

ಬೆಳಿಗ್ಗೆ ಉಸಲಿಗೆ ಒಗ್ಗರಣೆ ಹಾಕಿ, ಸೌತೆಕಾಯಿ ಹೆಚ್ಚಿ, ನಾಲ್ಕು ಮೊಟ್ಟೆ ಬೇಯಿಸಿ ಡಬ್ಬಿಗೆ ಹಾಕಿದಳು. "ಎರಡು ನಿಂಗೆ, ಎರಡು ಅರ್ಪಣಂಗೆ. ಮೇಷ್ಟ್ರಿಗೆ ಫೋನ್ ಮಾಡಿದೀನಿ, ಇವತ್ತಿಂದ ಸಾಲಲ್ಲೇ ಕೂತ್ಕೊ."

"ಅವಳು ತಗೊಳಲ್ಲ ಅಮ್ಮ. ನೀನು ಬೈದ್ಮೇಲೆ ನನ್ನ ಹತ್ರ ಬರೋದೇ ಇಲ್ಲ."

"ಕೊಟ್ಟು ನೋಡೇ. ಅಮ್ಮನೇ ಕೊಟ್ಟಿದ್ದು ಅನ್ನು."

ಸಂಜೆ ಚೈತ್ರ ಅಂಗಳದಲ್ಲೇ ಕಾಯುತ್ತಿದ್ದಳು. ಮಗಳ ಹೆಗಲಿಂದ ಚೀಲ ಇಳಿಸಿಕೊಂಡು ಡಬ್ಬಿ ತೆರೆದಳು. ಉಸಲಿ ಖಾಲಿಯಾಗಿತ್ತು. ಎರಡು ಮೊಟ್ಟೆ ಸಿಪ್ಪೆಯೂ ಸುಲಿಯದೆ ಹಾಗೇ ಇದ್ದವು.

"ಬೇಡ ಅಂದ್ಲಾ?"

"ಹ್ಞೂಂ."

ಚೈತ್ರಳಿಗೆ ತಡೆಯಲಾಗಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳಲೆಂದು ಕೈ ಚಾಚಿದಳು. ಅಮೂಲ್ಯಾ ಥಟ್ಟನೆ ಬಲ ಅಂಗೈ ಬಿಚ್ಚಿ ಅಮ್ಮನ ಮೂಗಿನ ಹತ್ತಿರ ಹಿಡಿದಳು.

"ಸೋಪು ಹಾಕಿಲ್ಲಮ್ಮ, ಮೂಸಿ ನೋಡು," ಎಂದಳು.