ಸೊನ್ನೆಯ ಸದ್ದು

"ಇದೆ," ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. "ಗುಂಯ್ ಅಂತ ಇನ್ನೂ ಬರ್ತಿದೆ."

ಮಗಳಿಗೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆಯಬೇಕೆನಿಸಿತು. ಅಪ್ಪನ ಕಿವಿಗೆ ಹಾಕಿದ್ದ ಹೆಡ್‌ಫೋನಿನ ತಂತಿ ಮೇಜಿನ ಮೇಲಿದ್ದ ಯಂತ್ರಕ್ಕೆ ಸೇರಿತ್ತು; ಶ್ರವಣ ಪರೀಕ್ಷೆ ಮಾಡುವ ಯಂತ್ರ, ಅವಳದೇ ವಿನ್ಯಾಸ. ಮರುದಿನ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯವರು ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಯಂತ್ರದ ಜೀವವೆಲ್ಲ ಉಗುರಿನಗಲದ ಒಂದು ಡ್ಯಾಕ್ ಚಿಪ್ಪಿನಲ್ಲಿತ್ತು. ಕಂಪ್ಯೂಟರ್ ಕೊಟ್ಟ ಅಂಕಿಗೆ ತಕ್ಕಷ್ಟೇ ವೋಲ್ಟೇಜ್ ಹೊರಡಿಸಿ ಸ್ವರ ಮೂಡಿಸುವುದು ಅದರ ಕೆಲಸ. ಸೊನ್ನೆ ಕೊಟ್ಟರೆ ನಿಶ್ಶಬ್ದವಾಗಬೇಕು. ಆದರೆ ಸೊನ್ನೆ ಕೊಟ್ಟಾಗಲೆಲ್ಲ ಅಪ್ಪನಿಗೆ ಗುಂಯ್ ಕೇಳುತ್ತಿತ್ತು.

"ಮೀಟರ್‌ನಲ್ಲಿ ಏನೂ ತೋರಿಸ್ತಿಲ್ಲ ಅಪ್ಪ! ನಾನು ಹಾಕ್ಕೊಂಡ್ರೂ ಏನೂ ಕೇಳಲ್ಲ!" ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನೊಳಗೂ ಮಾತು ಮುಟ್ಟಲೆಂದು ಅವಳು ಅರಚಿದಳು.

"ನಿನಗೆ ಅಲಾರಂ ಹೊಡೆದ್ರೇ ಕೇಳಲ್ಲ. ನಿನ್ನ ಮೀಟರಿಗಂತೂ ನಿನ್ನಷ್ಟೂ ಅನುಭವ ಇಲ್ಲ."

ಎದುರಾಡುವ ಹಾಗಿರಲಿಲ್ಲ. ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ ಕಿವಿ ಅದು. ಗಿರಾಕಿ ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ, ಸೆಟ್ಟಿನ ಗೊರಗೊರ ಕೇಳಿ, ಕೆಟ್ಟಿರುವ ಕೆಪಾಸಿಟರ್ ಯಾವುದೆಂದು ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಅದಕ್ಕೇ ಮೀಟರನ್ನು ಬಿಟ್ಟು ಅಪ್ಪನನ್ನು ನಂಬಿ ಒಂಬತ್ತು ದಿನದಿಂದ ಹೆಣಗುತ್ತಿದ್ದಳು. ಡ್ಯಾಕ್‌ಗೆ ಅಳತೆ ಕೊಡುವ ರೆಫರೆನ್ಸ್ ಚಿಪ್ಪನ್ನು ಎರಡು ಸಲ ಬದಲಾಯಿಸಿದಳು. ಬೋರ್ಡಿನ ಮೇಲಿನ ಅರ್ತಿಂಗ್ ತಂತಿಗಳನ್ನು ಕಡಿದು ಬೇರೆ ಮಾಡಿದಳು, ಪ್ರಯೋಜನವಾಗದೆ ಮತ್ತೆ ಬೆಸುಗೆ ಹಾಕಿದಳು. ಫ್ಯಾನು, ಟ್ಯೂಬ್‌ಲೈಟು, ಕೊನೆಗೆ ಪಕ್ಕದಂಗಡಿಯ ದರ್ಜಿಯ ಹೊಲಿಗೆ ಯಂತ್ರವನ್ನೂ ನಿಲ್ಲಿಸಿ ನೋಡಿದ್ದಾಯಿತು. ದರ್ಜಿ ಈಗ ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

ಹೊರಗಿನ ವಿದ್ಯುತ್ ಅಲೆ ತಾಗದಿರಲೆಂದು ಚಿಪ್ಪಿನ ಮೇಲೆ ತಾಮ್ರದ ಮುಚ್ಚಳ ಕೂರಿಸಿದಳು. "ಈಗ?"

"ಇದೆ."

ಕರೆಂಟ್ ತೆಗೆದು ಬ್ಯಾಟರಿ ಹಾಕಿದಳು. "ಈಗ?"

"ಇದೆ ಕಣೇ. ಅದೇ ಶ್ರುತಿ. ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲ."

ಅವಳ ತಾಳ್ಮೆ ಮುಗಿಯಿತು. ಹಾಳಾಗಿ ಹೋಗಲಿ ಎಂದು ಹೆಡ್‌ಫೋನಿನ ಪಿನ್ನನ್ನೇ ಯಂತ್ರದಿಂದ ಕಿತ್ತಳು. ಸಿಟ್ಟಿಗೆ ಕಿತ್ತದ್ದು, ಪರೀಕ್ಷೆಗಲ್ಲ. ಕಣ್ಣು ಮುಚ್ಚಿ ಕೂತಿದ್ದ ಅಪ್ಪನಿಗೆ ಅದು ತಿಳಿಯಲಿಲ್ಲ.

"ಹೂಂ, ಹಾಗೇ ಇದೆ," ಎಂದರು. "ಈಗ ಇನ್ನೂ ಚೆನ್ನಾಗಿ ಕೇಳ್ತಿದೆ."

ಪಿನ್ನು ಅವಳ ಬೆರಳುಗಳ ನಡುವೆಯೇ ಇತ್ತು. ಅದನ್ನು ನೋಡಿದಳು. ಅಲ್ಲಿಂದ ಮೇಲಕ್ಕೆ ಹೋಗಿದ್ದ ತಂತಿಯನ್ನು, ತಂತಿಯ ಕೊನೆಯಲ್ಲಿದ್ದ ಅಪ್ಪನ ಕಿವಿಯನ್ನು ನೋಡಿದಳು. ಯಂತ್ರ ಸರಿಯಾಗಿಯೇ ಇತ್ತು, ಒಂಬತ್ತು ದಿನದಿಂದಲೂ; ಗುಂಯ್ ಅನ್ನುತ್ತಿದ್ದದ್ದು ಆ ಕಿವಿಯೇ. ಅದು ಗೊತ್ತಾದ ಕೂಡಲೇ ಅವಳಿಗೆ ಅಳು ಬಂತು.

"ಎಷ್ಟು ದಿನದಿಂದ ಕೇಳ್ತಿದೆ ಅಪ್ಪ?"

"ನೀನು ಇದನ್ನ ನನ್ನ ತಲೆಗೆ ಸಿಕ್ಕಿಸಿದಾಗಿನಿಂದ. ಮತ್ತೆ ಇನ್ಯಾವಾಗ?"

ಅವಳು ಪಿನ್ನನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು. ಅಪ್ಪ ಬೇಸರದಿಂದ ಕೈ ಮುಂದೆ ಚಾಚಿದರು.

"ಯಾಕೆ ಸುಮ್ಮನಾದೆ? ನಿನ್ನ ಕೈಲಿ ಆಗದಿದ್ರೆ ಇತ್ತ ಕೊಡು. ಎಲ್ಲಿ ಕೆಟ್ಟಿದೆ ಅಂತ ಎರಡು ನಿಮಿಷದಲ್ಲಿ ಹೇಳ್ತೀನಿ."