ಗೋ ಆಫ್ ಅಂದರೇನು?

"ವಿಲ್ ಇಟ್ ಗೋ ಆಫ್?" ಎಂದು ಆ ಇಂಗ್ಲಿಷಿನವನು ಕೇಳಿದಾಗ ವಿದಾಳಿಗೆ ಒಳಗೊಳಗೇ ಹಿಗ್ಗಾಯಿತು. ಹೋದ ಮಂಗಳವಾರವಷ್ಟೇ ಸ್ಲೊವೇನಿಯಾದ ಕೊಬಾರಿದ್ ಊರಿನ ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಕಲಿತ ಮಾತು. ಹಾಲು 'ಗೋ ಆಫ್' ಆಗುವುದೆಂದರೆ ಕೆಡುವುದು, ಒಡೆಯುವುದು. ಈಗಷ್ಟೇ ಅವಳು ಅಳೆದುಕೊಟ್ಟ ಹಾಲಿನ ಕ್ಯಾನು ಅವನ ಮುಂದೆಯೇ ಇತ್ತು. ಹೊರಗೆ ಜುಲೈ ತಿಂಗಳ ಬಿಸಿಲು ಹುಲ್ಲುಗಾವಲಿನ ಮೇಲೆ, ಪ್ರವಾಸಿಗರ ಡೇರೆಗಳ ಮೇಲೆ ಸುರಿಯುತ್ತಿತ್ತು. ಅದಕ್ಕೂ ಮೊದಲು ಅವನು ಮಗಳ ಬಗ್ಗೆ, ಗುಡ್ಡದ ಕಾಲುದಾರಿಯ ಬಗ್ಗೆ ಏನೇನೋ ಗಡಿಬಿಡಿಯಲ್ಲಿ ಹೇಳಿದ್ದ. ಅರ್ಧ ಅವಳ ತಲೆಗೆ ಹತ್ತಿರಲಿಲ್ಲ. ಹತ್ತಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ.

"ಇಲ್ಲ, ಇಲ್ಲ. ಸಂಜೆ ತನಕ ಏನೂ ಆಗಲ್ಲ," ಎಂದಳು, ಒಂದೊಂದೇ ಇಂಗ್ಲಿಷ್ ಪದ ಹುಡುಕಿ ಜೋಡಿಸುತ್ತ. "ತಣ್ಣೀರಲ್ಲಿಡಿ. ಅಲ್ಲಿ, ಹಳ್ಳದಲ್ಲಿ."

"ನೀರೊಳಗಾ? ನಿಜವಾಗ್ಲೂ?"

"ನಾವೆಲ್ಲ ಹಾಗೇ ಮಾಡೋದು."

ಅವನು ದೊಡ್ಡ ಭಾರ ಇಳಿದವನಂತೆ ಉಸಿರುಬಿಟ್ಟು, ಅವಳ ಕೈ ಕುಲುಕಿ, ಡೇರೆಗಳ ಕಡೆ ಹೊರಟುಹೋದ. ಬಾಗಿಲ ಬಳಿ ಕುಡುಗೋಲು ಮಸೆಯುತ್ತಿದ್ದ ಪೆಪಿ ದೊಡ್ಡಪ್ಪ ತಲೆಯೆತ್ತಿ ನಕ್ಕ.

"ಏನ್ ಮೇಡಮ್ಮೋರೆ, ಐವತ್ತೆರಡಕ್ಕೆ ಇಂಗ್ಲಿಷ್ ಉದುರಿಸ್ತಾ ಇದೀರ. ನಿನ್ನ ಇಂಗ್ಲಿಷಿಗೆ ಹೆದರಿ ಗಿರಾಕಿ ಹಾಲೇ ಬಿಟ್ಟು ಓಡಿದನಲ್ಲೇ!"

ವಿದಾ ತಿರುಗಿ ನೋಡಿದಳು. ಹಾಲಿನ ಕ್ಯಾನು ಇಟ್ಟಲ್ಲೇ ಇತ್ತು. ಹಾಗಾದರೆ ಅವನು ಕೇಳಿದ್ದು ಯಾವುದರ ಬಗ್ಗೆ? ಮೇಜಿನ ಖಾನೆಯಿಂದ ತರಗತಿಯ ನೋಟುಬುಕ್ಕು ಎಳೆದಳು. 'ಗೋ ಆಫ್' ಎಂಬುದರ ಎದುರು ಅವಳದೇ ಕೈಬರಹದಲ್ಲಿ ಸ್ಲೊವೇನಿಯನ್ ಅರ್ಥಗಳ ಸಾಲು. ಒದೀತಿ, ಹೊರಟುಹೋಗು. ಉಗಾಸ್ನಿತಿ, ದೀಪ ಆರು. ಪೊಕ್ವಾರಿತಿ ಸೆ, ಹಾಲು ಕೆಡು. ಕೊನೆಯ ಪದವನ್ನು ಗಂಟೆ ಬಾರಿಸಿದ ಮೇಲೆ ಅವಸರದಲ್ಲಿ ಗೀಚಿಕೊಂಡಿದ್ದಳು: ರಜ್ಪೋಚಿತಿ ಸೆ. ಸಿಡಿ.

ಆಗ ಅವನು ಹೇಳಿದ ಮಾತುಗಳು ಒಂದೊಂದಾಗಿ ಹಿಂದಿರುಗಿ ಬಂದವು. ಮಗಳಿಗೆ ಸಿಕ್ಕಿತು. ಕಬ್ಬಿಣದ್ದು. ತುಂಬಾ ಹಳೆಯದು.

"ದೊಡ್ಡಪ್ಪಾ, ಆ ಹುಡುಗಿಗೆ ಗುಡ್ಡದ ದಾರೀಲಿ ಏನೋ ಸಿಕ್ಕಿದೆಯಂತೆ. ಕಬ್ಬಿಣದ್ದು."

ಮಸೆಯುವ ಸದ್ದು ನಿಂತಿತು. ನೂರು ವರ್ಷದ ಹಿಂದಿನ ಮಹಾಯುದ್ಧದ ಸಿಡಿಯದ ಫಿರಂಗಿ ಗುಂಡುಗಳನ್ನು ಆ ಗುಡ್ಡ ಇನ್ನೂ ಮಳೆ ಬಂದಾಗಲೆಲ್ಲ ಕಕ್ಕುತ್ತಿತ್ತು. ಪೆಪಿಗೆ ಒಂಬತ್ತು ವರ್ಷವಿದ್ದಾಗ ಅಂಥದೊಂದು ಅವನ ಎಡಗೈಯ ಎರಡು ಬೆರಳನ್ನೂ ಅವನ ತಮ್ಮನನ್ನೂ ತೆಗೆದುಕೊಂಡಿತ್ತು.

"ಎಲ್ಲಿದೆ ಈಗ?"

"ನೀರಿಗೆ ಹಾಕು ಅಂದುಬಿಟ್ಟೆ ದೊಡ್ಡಪ್ಪಾ."

"ಓಡು. ನಾನು ಬಾಂಬ್ ದಳಕ್ಕೆ ಫೋನ್ ಮಾಡ್ತೀನಿ. ಕೊನೇ ಹತ್ತು ಹೆಜ್ಜೆ ಮಾತ್ರ ನಡ್ಕೊಂಡ್ಹೋಗು. ಮಗು ಬೆಚ್ಚಬಾರದು, ಕೇಳಿಸ್ತಾ?"

ಇಂಗ್ಲಿಷಿನವನ ಮಗಳು, ಆರು ವರ್ಷದ ಫೀಬಿ, ಹಳ್ಳದ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೊಣಕೈಯುದ್ದದ ತುಕ್ಕು ಹಿಡಿದ ಗುಂಡು ತೊಡೆಯ ಮೇಲೆ. ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಮೂತಿಯ ಮಣ್ಣು ತಿಕ್ಕುತ್ತಿದ್ದಳು. ಅಪ್ಪ ಪ್ಯಾಂಟು ಮಡಚಿಕೊಂಡು ನಿಂತು ಫೋಟೊ ತೆಗೆಯುತ್ತಿದ್ದ.

ವಿದಾ ಓಟ ನಿಲ್ಲಿಸಿ ನಡೆದಳು. ಕೂಗಿದರೆ ಮಗು ಬೆಚ್ಚೀತು. 'ಬಿಡು' ಎನ್ನಲು ಇಂಗ್ಲಿಷಿನಲ್ಲಿ ಏನನ್ನಬೇಕು? ಹಾಗೆಂದೊಡನೆ ಮಗು ಅದನ್ನು ಕೆಳಗೆ ಬೀಳಿಸಿಬಿಟ್ಟರೆ? ನೋಟುಬುಕ್ಕಿನಲ್ಲಿ ಪ್ರತಿ ಪದಕ್ಕೂ ನಾಲ್ಕು ಅರ್ಥ, ಒಂದನ್ನಾದರೂ ನಂಬುವ ಧೈರ್ಯ ಬರಲಿಲ್ಲ. ಸದ್ದಿಲ್ಲದೆ ನೀರಿಗಿಳಿದು ಮಗುವಿನೆದುರು ಕೂತು, ಏಪ್ರನ್ ಹರಡಿ, ತಂಗಿಯ ಮಕ್ಕಳಿಗೆ ಹೇಳುವ ಹಾಗೆ ತನ್ನ ಮಾತಿನಲ್ಲೇ ಹೇಳಿದಳು:

"ಕೊಡು ಪುಟ್ಟೀ. ದೊಡ್ಡಮ್ಮಂಗೆ ಕೊಡು. ಮೆಲ್ಲಗೆ."

ಫೀಬಿ ಅವಳ ಮುಖ ನೋಡಿದಳು, ಏಪ್ರನ್ ನೋಡಿದಳು. ಆಮೇಲೆ ಎರಡೂ ಕೈಯಿಂದ ಅದನ್ನೆತ್ತಿ ವಿದಾಳ ಮಡಿಲಲ್ಲಿಟ್ಟಳು. ಅಪ್ಪನ ನಗು ಅಷ್ಟಕ್ಕೇ ನಿಂತಿತು. ವಿದಾಳ ಮುಖದಲ್ಲಿ ಏನು ಕಂಡನೋ, ಮಗಳನ್ನು ಬಾಚಿ ಎತ್ತಿಕೊಂಡು ದಡ ಹತ್ತಿ ಓಡಿದ.

"ಕಲ್ಲಿನ ಮೇಲಿಡಬೇಡ. ಅಲ್ಲಾಡಬೇಡ," ದಡದ ಮೇಲಿಂದ ಪೆಪಿಯ ದನಿ ನಡುಗುತ್ತ ಬಂತು. "ಬರ್ತಾ ಇದಾರೆ."

"ನೀನ್ಹೋಗು ದೊಡ್ಡಪ್ಪಾ."

"ಎಲ್ಲಿಗೆ ಹೋಗ್ಲೇ? ನಂಗೆ ಮಂಡಿನೋವು."

ಐವತ್ತು ನಿಮಿಷ. ಹರಿವು ಏಪ್ರನ್ನಿನ ಅಂಚನ್ನು ಜಗ್ಗುತ್ತಲೇ ಇತ್ತು. ಕಾಲು ಮರಗಟ್ಟಿದವು, ತೊಡೆ ನಡುಗತೊಡಗಿತು. ಆ ನಡುಕಕ್ಕೇ ಸಿಡಿದರೆ ಎಂಬ ಭಯಕ್ಕೆ ನಡುಕ ಇನ್ನೂ ಹೆಚ್ಚಿತು. ಒಂದು ನೊಣ ಗುಂಡಿನ ಮೂತಿಯ ಮೇಲೆ ಕೂತಿತು. ಅದು ಹಾರುವವರೆಗೂ ವಿದಾ ಉಸಿರಾಡಲಿಲ್ಲ.

ಬಾಂಬ್ ದಳದವರಿಬ್ಬರು ಬಂದು ಅದನ್ನೆತ್ತಿ ಮರಳಿನ ಪೆಟ್ಟಿಗೆಯಲ್ಲಿಟ್ಟರು. ಇನ್ನೂ ಸಿಡಿಯಬಲ್ಲ ಗುಂಡೇ. ಇಬ್ಬರಲ್ಲಿ ಹಿರಿಯನು ಬೆವರೊರೆಸಿಕೊಂಡು ಕಾಗದ ತೆಗೆದ.

"ಇದನ್ನ ನೀರಿಗೆ ಹೊತ್ಕೊಂಡು ಬಾ ಅಂತ ಯಾವ ಪುಣ್ಯಾತ್ಮ ಹೇಳಿದ್ದು? ಸ್ವಲ್ಪ ಆ ಇಂಗ್ಲಿಷಿನವನನ್ನ ಕೇಳಿ ಅಮ್ಮಾ. ನಿಮಗೆ ಇಂಗ್ಲಿಷ್ ಬರುತ್ತಂತಲ್ಲ."

ವಿದಾ ತಿರುಗಿದಳು. ಕಂಬಳಿ ಸುತ್ತಿದ ಮಗಳನ್ನು ಅವುಚಿಕೊಂಡು ನಿಂತಿದ್ದ ಆ ಮನುಷ್ಯ, ಒದ್ದೆ ಕಣ್ಣಲ್ಲಿ, ದೇವರನ್ನು ನೋಡುವ ಹಾಗೆ ಅವಳನ್ನೇ ನೋಡುತ್ತಿದ್ದ. ಅವನನ್ನು ಏನು ಬೇಕಾದರೂ ಕೇಳಬಹುದಿತ್ತು, ಅವನ ಉತ್ತರವನ್ನು ಸ್ಲೊವೇನಿಯನ್ನಿಗೆ ಹೇಗೆ ಬೇಕಾದರೂ ತಿರುಚಿ ಹೇಳಬಹುದಿತ್ತು. ಪೆಪಿ ನೆಲ ನೋಡುತ್ತ ನಿಂತಿದ್ದ.

"ಅವರನ್ನ ಕೇಳೋದೇನಿದೆ," ಎಂದಳು ವಿದಾ, ಸ್ಲೊವೇನಿಯನ್ನಿನಲ್ಲಿ. "ನಾನೇ ಹೇಳಿದ್ದು."

ಹಿರಿಯನ ಪೆನ್ನು ಕಾಗದದ ಮೇಲೆಯೇ ನಿಂತಿತು. ಒಂದಕ್ಷರವೂ ಅರ್ಥವಾಗದ ಇಂಗ್ಲಿಷಿನವನು, ಅವಳು ತನ್ನ ಸಾಹಸವನ್ನು ಹೇಳಿಕೊಳ್ಳುತ್ತಿದ್ದಾಳೆಂದು ತಿಳಿದು, ಮಗಳನ್ನು ಕೆಳಗಿಳಿಸಿ, ಜೋರಾಗಿ ಚಪ್ಪಾಳೆ ತಟ್ಟತೊಡಗಿದ.