ಅಳತೆಯ ಟೇಪು

"ಉಸಿರು ಬಿಡು ಮಗಳೇ," ಎಂದ ದರ್ಜಿ. ಟೇಪು ಸೊಂಟಕ್ಕೆ ತಾಗಿದ್ದೇ ತಡ, ಅವನ ಮಗಳು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತುಬಿಟ್ಟಿದ್ದಳು. ಶಾಲೆಯ ಲಂಗವನ್ನು ಮತ್ತೆ ಬಿಚ್ಚಿ ಸಡಿಲ ಮಾಡಬೇಕಿತ್ತು.

"ಬಿಟ್ರೆ ಸಂಜೆ ತಿಂಡಿನೂ ನಿಲ್ಲಿಸ್ತೀರಿ," ಎಂದಳು ಗೋಡೆ ನೋಡುತ್ತಾ. "ನನಗೊಬ್ಬಳಿಗೇ ಬೇಯಿಸಿದ ತರಕಾರಿ. ನಾನು ಮಲಗಿದ ಮೇಲೆ ನೀವೆಲ್ಲ ಕರಿದಿದ್ದು ತಿಂತೀರಿ. ವಾಸನೆ ಬರಲ್ವಾ ನನಗೆ?"

ಊಟ, ನಡಿಗೆ ಎರಡೂ ಮನೆಮಂದಿಗೆಲ್ಲ ಒಂದೇ ಇರಲಿ ಎಂದು ಡಾಕ್ಟರು ಹೇಳಿದ್ದರು. ಅವನು ಹೂಂಗುಟ್ಟಿ ಬಂದಿದ್ದ, ಅಷ್ಟೇ.

ದರ್ಜಿ ಟೇಪನ್ನು ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿಕೊಂಡು, ತುದಿಗಳನ್ನು ಅವಳ ಕೈಗಿತ್ತ. "ಮೊದಲು ನನ್ನ ಅಳತೆ ತಗೋ. ಇವತ್ತಿಂದ ಮನೇಲಿ ಎಲ್ಲರಿಗೂ ನಿಂದೇ ಊಟ. ಸಂಜೆ ಅಂಗಡಿ ಬೇಗ ಮುಚ್ಚಿ ಇಬ್ಬರೂ ನಡೆಯೋಣ."

ಅವಳು ತುದಿಗಳನ್ನು ಕೂಡಿಸಿ, ತಲೆಯೆತ್ತಿ ನೋಡಿದಳು.

"ಉಸಿರು ಬಿಡಪ್ಪ," ಎಂದಳು.